ಗಂಟಲಲ್ಲಿ ನಿಂತ ತುತ್ತು: ಓದುಗರ ಪ್ರಶ್ನೆ, ವಾಕ್ ಚಿಕಿತ್ಸಕಿಯ ಉತ್ತರ

ಕಳೆದ ಸಂಚಿಕೆಯಲ್ಲಿ ಲಕ್ವಾ ಹೊಡೆದವರ ಮಾತಿನ ಬಗ್ಗೆ ಬರೆದಿದ್ದೆ. ಅದನ್ನು ಓದಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮಾತಿನ ಬಗ್ಗೆ ಇರಲಿಲ್ಲ, ಊಟದ ಬಗ್ಗೆ ಇದ್ದವು. “ನೀವು ಮಾತು ಕಲಿಸುವವರು, ಇದು ನಿಮ್ಮ ವಿಷಯವಲ್ಲದಿದ್ದರೆ ಕ್ಷಮಿಸಿ” ಎಂದು ಇಬ್ಬರು ಬರೆದಿದ್ದಾರೆ. ಕ್ಷಮೆಯ ಅಗತ್ಯವಿಲ್ಲ. ಮಾತಾಡುವುದಕ್ಕೂ ನುಂಗುವುದಕ್ಕೂ ತುಟಿ, ನಾಲಿಗೆ, ಅಂಗುಳ, ಗಂಟಲು ಎಲ್ಲವೂ ಒಂದೇ ಆದ್ದರಿಂದ ನುಂಗುವ ತೊಂದರೆಯನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವುದು ನಮ್ಮ ಕೆಲಸದ ದೊಡ್ಡ ಭಾಗವೇ ಆಗಿದೆ. ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ನೀರು ಕುಡಿಯುವಾಗ ನೆತ್ತಿಗೆ ಹತ್ತಿದರೆ ಯಾರೋ ನೆನೆಸುತ್ತಿದ್ದಾರೆ ಎಂದು ನಮ್ಮ ಕಡೆ ಹೇಳುತ್ತಾರೆ. ನಮ್ಮ ತಾಯಿಯವರಿಗೆ 70 ವರ್ಷ. ಮೂರು ತಿಂಗಳಿಂದ ದಿನಕ್ಕೆ ಎರಡು ಸಲವಾದರೂ ಅವರಿಗೆ ನೆತ್ತಿಗೆ ಹತ್ತುತ್ತದೆ. ರೊಟ್ಟಿ, ಅನ್ನ ಉಣ್ಣುವಾಗ ಏನೂ ಇಲ್ಲ. ವಯಸ್ಸಾದ ಮೇಲೆ ಇದು ಸಹಜವೇ? (ಸೇಡಂ)

ನೆನೆಸುವವರು ದಿನಕ್ಕೆ ಎರಡು ಸಲ ತಪ್ಪದೆ ನೆನೆಸುತ್ತಿದ್ದಾರೆ ಎಂದಾದರೆ ಅದನ್ನು ವೈದ್ಯರಿಗೆ ತಿಳಿಸಲೇಬೇಕು. ನೆತ್ತಿಗೆ ಹತ್ತುವುದು ಎಂದರೆ ನೀರು ಶ್ವಾಸನಾಳದ ಬಾಯಿಗೆ ಹೋಗುವುದು. ಬಾಯಿಯಿಂದ ಹೊಟ್ಟೆಗೆ ಹೋಗುವ ದಾರಿಯೂ ಮೂಗಿನಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯೂ ಗಂಟಲಿನಲ್ಲಿ ಒಂದನ್ನೊಂದು ದಾಟುತ್ತವೆ. ನಿಮ್ಮ ಗಂಟಲಿನ ಮುಂದಿರುವ ಗಟ್ಟಿ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿ, ಅದು ಮೇಲೆ ಹೋಗಿ ಕೆಳಗೆ ಬರುತ್ತದೆ. ಮೇಲೆ ಹೋದ ಆ ಕ್ಷಣದಲ್ಲಿ ಉಸಿರು ನಿಲ್ಲುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮುಚ್ಚಳ ಶ್ವಾಸನಾಳದ ಮೇಲೆ ಬಾಗುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ, ಮತ್ತು ಇದೆಲ್ಲ ಮುಗಿಯಲು ಹಿಡಿಯುವುದು ಸುಮಾರು ಒಂದೇ ಒಂದು ಸೆಕೆಂಡು.

ವಯಸ್ಸಾದಂತೆ ಈ ಕೆಲಸ ತುಸು ನಿಧಾನವಾಗುವುದು ನಿಜ. ಆದರೂ ಆರೋಗ್ಯವಾಗಿರುವ 70ರ ಹೆಂಗಸಿಗೆ ದಿನವೂ ಹೀಗಾಗಬಾರದು. ನೀರಿಗೆ ಕೆಮ್ಮು ಬಂದು ರೊಟ್ಟಿಗೆ ಬರದಿರುವುದು ಒಂದು ಸುಳಿವು. ರೊಟ್ಟಿಯ ತುತ್ತು ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ, ನೀರಾದರೋ ಬಾಯಿಗೆ ಬಿದ್ದ ತಕ್ಷಣ ಗಂಟಲಿಗೆ ಇಳಿಯುತ್ತದೆ, ಆದ್ದರಿಂದ ಗಂಟಲು ಮುಚ್ಚಿಕೊಳ್ಳುವುದು ಅರೆಕ್ಷಣ ತಡವಾದರೂ ಮೊದಲು ಸಿಕ್ಕಿಬೀಳುವುದು ನೀರೇ. ತಾಯಿಯವರ ನಡಿಗೆ ನಿಧಾನವಾಗಿದೆಯೇ, ಕೈ ನಡುಗುತ್ತದೆಯೇ, ದನಿ ಸಣ್ಣಗಾಗಿದೆಯೇ, ನಿದ್ದೆಯ ಮಾತ್ರೆ ಏನಾದರೂ ಹೊಸದಾಗಿ ಶುರುವಾಗಿದೆಯೇ, ಹಲ್ಲಿನ ಸೆಟ್ಟು ಸಡಿಲವಾಗಿದೆಯೇ ಎಂಬುದನ್ನು ಗಮನಿಸಿ ಬರೆದುಕೊಂಡು ಹೋಗಿ. ಪಾರ್ಕಿನ್ಸನ್ ಕಾಯಿಲೆ ಕೆಲವರಲ್ಲಿ ಹೀಗೆ ನೀರಿನ ಲೋಟದಲ್ಲೇ ಮೊದಲು ತೋರುವುದುಂಟು. ಇನ್ನೊಂದು ಮಾತು: ನೆತ್ತಿಗೆ ಹತ್ತಿದವರ ತಲೆ ತಟ್ಟಿ “ಮ್ಯಾಲ ನೋಡು” ಎನ್ನುವ ರೂಢಿಯನ್ನು ದಯವಿಟ್ಟು ಬಿಡಿ. ತಲೆ ಮೇಲೆತ್ತಿದರೆ ಬಾಯಲ್ಲಿ ಉಳಿದ ನೀರು ಇನ್ನಷ್ಟು ಒಳಗಿಳಿಯುತ್ತದೆ. ಅವರನ್ನು ಮುಂದಕ್ಕೆ ಬಾಗಿಸಿ ತಾವಾಗಿಯೇ ಕೆಮ್ಮಲು ಬಿಟ್ಟರೆ ಸಾಕು.

ನಮ್ಮ ಮಾವನವರಿಗೆ 64 ವರ್ಷ. ಎರಡು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದವು. ಆಸ್ಪತ್ರೆಯಲ್ಲಿ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಿದ್ದರು. ಮನೆಗೆ ಕಳಿಸುವ ದಿನ ಅದನ್ನು ತೆಗೆದು “ಮೆತ್ತಗಿನದು ಕೊಡಿ” ಎಂದಷ್ಟೇ ಹೇಳಿದರು. ಹಾಲಿನಲ್ಲಿ ಕಿವುಚಿದ ರೊಟ್ಟಿ, ತಿಳಿ ಸಾರು, ಚಹಾ ಕೊಡುತ್ತಿದ್ದೇವೆ. ಕೆಮ್ಮುವುದಿಲ್ಲ. ಆದರೆ ಉಂಡ ಮೇಲೆ ದನಿ ಗೊರಗೊರ ಎನ್ನುತ್ತದೆ, ಈಗಾಗಲೇ ಎರಡು ಸಲ ಜ್ವರ ಬಂದು ನಿಮೋನಿಯಾ ಎಂದರು. ಬಾಯಿಯಿಂದ ಹೊರಬರುತ್ತದೆಂದು ನೀರು ಕೊಡುವುದನ್ನು ಕಡಿಮೆ ಮಾಡಿದ್ದೇವೆ. ನಮ್ಮ ಅತ್ತೆಯವರು “ಉಣ್ಣದಿದ್ದರೆ ಶಕ್ತಿ ಹೇಗೆ ಬಂದೀತು” ಎಂದು ಒತ್ತಾಯ ಮಾಡಿ ಉಣಿಸುತ್ತಾರೆ. ಏನು ಮಾಡಬೇಕು? (ಆಳಂದ ತಾಲ್ಲೂಕು)

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು “ಕೆಮ್ಮುವುದಿಲ್ಲ” ಎಂಬ ಮಾತು. ನೀವು ಅದನ್ನು ಸಮಾಧಾನದಿಂದ ಬರೆದಿದ್ದೀರಿ, ನಾನು ಆತಂಕದಿಂದ ಓದಿದೆ. ಲಕ್ವಾ ಕೈಕಾಲಿನ ಹಾಗೆಯೇ ಗಂಟಲಿನ ಸ್ನಾಯುಗಳನ್ನೂ ದುರ್ಬಲ ಮಾಡುತ್ತದೆ, ಕೆಲವರಲ್ಲಿ ಗಂಟಲಿನ ಸ್ಪರ್ಶಜ್ಞಾನವನ್ನೂ ಕಸಿಯುತ್ತದೆ. ಸ್ಪರ್ಶ ತಿಳಿಯದಿದ್ದರೆ ಹಾಲು ಶ್ವಾಸನಾಳಕ್ಕೆ ಇಳಿದರೂ ದೇಹ ಕೆಮ್ಮುವುದಿಲ್ಲ. ಸದ್ದಿಲ್ಲದೆ ಇಳಿದ ಆ ಹಾಲು, ಬಾಯಲ್ಲಿರುವ ರೋಗಾಣುಗಳನ್ನು ಜೊತೆಗೆ ಕರೆದುಕೊಂಡು ಶ್ವಾಸಕೋಶದಲ್ಲಿ ಕೂರುತ್ತದೆ. ಎರಡು ಸಲ ಬಂದ ನಿಮೋನಿಯಾಕ್ಕೆ ಇದೇ ಕಾರಣವಿರುವ ಸಂಭವ ಹೆಚ್ಚು. ಗೊರಗೊರ ದನಿ ಎಂದರೆ ಧ್ವನಿತಂತುಗಳ ಮೇಲೆ ದ್ರವ ನಿಂತಿದೆ ಎಂದರ್ಥ. ವಾರ್ಡಿನಲ್ಲಿ ನಾವು ರೋಗಿಗೆ ಒಂದು ಚಮಚ ನೀರು ಕೊಟ್ಟು, ಗಂಟಲಿನ ಉಬ್ಬು ಮೇಲೇರಿ ಇಳಿಯುವುದನ್ನು ಬೆರಳಿನಿಂದ ತಿಳಿದುಕೊಂಡು, ಆಮೇಲೆ “ಆ…” ಎನ್ನಿಸುತ್ತೇವೆ. ಕೊಡುವ ಮುಂಚೆ ಕಂಚಿನ ಹಾಗಿದ್ದ ದನಿ ಆಮೇಲೆ ಹುಕ್ಕಾ ಎಳೆದಂತೆ ಕೇಳಿದರೆ ಅಲ್ಲಿಗೆ ಬಾಯಿಯ ಊಟ ನಿಲ್ಲಿಸಿ ಮುಂದಿನ ಪರೀಕ್ಷೆಗೆ ಕಳಿಸುತ್ತೇವೆ.

ಲಕ್ವಾ ಹೊಡೆದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗುವ ತೊಂದರೆ ಇರುತ್ತದೆ, ಅವರಲ್ಲಿ ಬಹಳ ಜನ ಕೆಲವು ವಾರಗಳಲ್ಲೇ ಚೇತರಿಸಿಕೊಳ್ಳುತ್ತಾರೆ. ನಿಮ್ಮ ಮಾವನವರಿಗೆ ಎರಡು ತಿಂಗಳಾದ ಮೇಲೂ ಹೀಗಿದೆ ಎಂದರೆ ಅಂದಾಜಿನ ಮೇಲೆ ಉಣಿಸುವುದನ್ನು ಬಿಟ್ಟು ಗಂಟಲನ್ನು ಪರೀಕ್ಷೆ ಮಾಡಿಸಲೇಬೇಕು. ಪರೀಕ್ಷೆಗಳು ಎರಡು ಬಗೆ. ಒಂದರಲ್ಲಿ ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸುತ್ತ ಎಕ್ಸ್‌ರೇ ವಿಡಿಯೋ ತೆಗೆಯುತ್ತಾರೆ, ಇನ್ನೊಂದರಲ್ಲಿ ಮೂಗಿನ ಮೂಲಕ ತೆಳ್ಳನೆಯ ದುರ್ಬೀನು ಇಳಿಸಿ ನುಂಗುವ ಮುಂಚೆ ಮತ್ತು ನುಂಗಿದ ಮೇಲೆ ಗಂಟಲಿನಲ್ಲಿ ಏನು ಉಳಿದಿದೆ ಎಂದು ನೋಡುತ್ತಾರೆ. ಕಲಬುರಗಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್‌ನಲ್ಲಿ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಮೊದಲು ವಿಚಾರಿಸಿ. ವಿವರವಾದ ಪರೀಕ್ಷೆ ಬೇಕೆಂದರೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ದೂರ ನಿಜ, ಆದರೆ ಮೂರನೆಯ ನಿಮೋನಿಯಾಕ್ಕಾಗಿ ಐಸಿಯುನಲ್ಲಿ ಮಲಗುವುದಕ್ಕಿಂತ ಆ ದಾರಿಯೇ ಹತ್ತಿರ.

ಪರೀಕ್ಷೆ ಆಗುವವರೆಗೆ ಮಾಡಬೇಕಾದುದನ್ನು ಹೇಳುತ್ತೇನೆ. ಮೊದಲು ಹಾಲು-ರೊಟ್ಟಿ ನಿಲ್ಲಿಸಿ. ಮೆತ್ತಗಿದೆ ಎಂದು ಎಲ್ಲರೂ ಅದನ್ನೇ ಕೊಡುತ್ತಾರೆ, ಆದರೆ ದುರ್ಬಲ ಗಂಟಲಿಗೆ ಅದಕ್ಕಿಂತ ಕಷ್ಟದ ಊಟ ನಮ್ಮ ಅಡುಗೆಮನೆಯಲ್ಲಿ ಸಿಗುವುದು ಅಪರೂಪ. ಒಂದೇ ತುತ್ತಿನಲ್ಲಿ ಎರಡು ಹದ ಇರುತ್ತದೆ: ಬಾಯಿ ರೊಟ್ಟಿಯ ಚೂರನ್ನು ಅಗಿಯುತ್ತಿರುವಾಗಲೇ ತೆಳ್ಳನೆಯ ಹಾಲು, ಹೇಳದೆ ಕೇಳದೆ, ತೆರೆದ ಗಂಟಲಿಗೆ ಹರಿಯುತ್ತದೆ. ಅನ್ನದ ಮೇಲೆ ತಿಳಿ ಸಾರು, ಚುರುಮುರಿ ಹಾಕಿದ ಚಹಾ ಇವೂ ಹಾಗೆಯೇ. ಅದರ ಬದಲು ಜೋಳದ ನುಚ್ಚನ್ನು ಚೆನ್ನಾಗಿ ಬೇಯಿಸಿ, ಗಟ್ಟಿ ತೊಗರಿ ಬ್ಯಾಳಿಯಲ್ಲಿ ಕಲಸಿ, ಚಮಚ ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರುವಂತೆ, ಬಟ್ಟಲಿನ ಅಂಚಿನಲ್ಲಿ ನೀರು ಬಿಡದಂತೆ ಮಾಡಿಕೊಳ್ಳಿ. ಪುಂಡಿ ಪಲ್ಲೆಯ ನಾರು, ಶೇಂಗಾ ಹಿಂಡಿಯ ಪುಡಿ, ಕಡಕ್ ರೊಟ್ಟಿ ಸದ್ಯಕ್ಕೆ ಬೇಡ.

ದ್ರವ ಗಟ್ಟಿಯಾದಷ್ಟೂ ಗಂಟಲಿಗೆ ನಿಧಾನವಾಗಿ ಇಳಿಯುತ್ತದೆ. ಅದರ ಹದವನ್ನು ಅಳೆಯಲು ಜಗತ್ತಿನ ಬಹಳಷ್ಟು ಆಸ್ಪತ್ರೆಗಳಲ್ಲಿ ಈಗ ಇಡ್ಸಿ ಎಂಬ ಶ್ರೇಣಿ ಬಳಕೆಯಲ್ಲಿದೆ. ಅದರಲ್ಲಿ 0ಯಿಂದ 7ರವರೆಗೆ ಎಂಟು ಹಂತಗಳಿವೆ. ದ್ರವಗಳಿಗೆ ಬೇಕಾಗುವುದು ಸೂಜಿಯಿಲ್ಲದ ಒಂದು 10 ಮಿಲಿ ಸಿರಿಂಜ್ ಮಾತ್ರ. ತುದಿಗೆ ಬೆರಳು ಒತ್ತಿ 10 ಮಿಲಿ ಗುರುತಿನವರೆಗೆ ತುಂಬಿ, ಬೆರಳು ತೆಗೆದು, 10 ಸೆಕೆಂಡು ಹರಿಯಬಿಟ್ಟು ಮತ್ತೆ ಮುಚ್ಚಬೇಕು. ನೀರು ಪೂರ್ತಿ ಖಾಲಿಯಾಗುತ್ತದೆ. 1ರಿಂದ 4 ಮಿಲಿ ಉಳಿದರೆ ಒಂದನೆಯ ಹಂತ, 4ರಿಂದ 8 ಉಳಿದರೆ ಎರಡನೆಯದು, 8ಕ್ಕಿಂತ ಹೆಚ್ಚು ಉಳಿದರೆ ಮೂರನೆಯದು. ನಮ್ಮ ಅಂಬಲಿಯನ್ನೇ ಹೀಗೆ ಅಳೆದು ನೋಡಿ. ಬಿಸಿಯಾಗಿದ್ದಾಗ ಸರಾಗವಾಗಿ ಸುರಿಯುವ ಅಂಬಲಿ ಆರಿದ ಮೇಲೆ ಸಿರಿಂಜಿನಲ್ಲೇ ನಿಲ್ಲುತ್ತದೆ, ಆದ್ದರಿಂದ ಕೊಡುವ ಬಿಸಿಯಲ್ಲೇ ಅಳೆಯಬೇಕು. ಇನ್ನೂ ಒಂದು ಸೂಕ್ಷ್ಮವಿದೆ: ಜೊಲ್ಲಿನಲ್ಲಿ ಹಿಟ್ಟಿನಂಶವನ್ನು ಕರಗಿಸುವ ಗುಣವಿರುವುದರಿಂದ ಬಾಯಿಗೆ ಇಟ್ಟ ಚಮಚವನ್ನೇ ಮತ್ತೆ ಬಟ್ಟಲಿಗೆ ಅದ್ದುತ್ತ ಹೋದರೆ ಗಟ್ಟಿ ಅಂಬಲಿ ಊಟ ಮುಗಿಯುವ ಹೊತ್ತಿಗೆ ನೀರಾಗಿರುತ್ತದೆ. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಂಡು ಉಣಿಸಿ.

ಹಾಗೆಂದು ಗಟ್ಟಿ ಮಾಡಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಅತಿ ಗಟ್ಟಿಯಾದುದು ಗಂಟಲಿನ ಮೂಲೆಗಳಲ್ಲಿ ಉಳಿದು, ಮಲಗಿದ ಮೇಲೆ ಜಾರುತ್ತದೆ. ಯಾವ ಹಂತ ಎಂಬುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು. ನೀರು ಕಡಿಮೆ ಮಾಡಿದ್ದಂತೂ ತಪ್ಪು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಅರ್ಧ ಮೈ ಬಿದ್ದ ಮನುಷ್ಯನಿಗೆ ನೀರು ಸಾಲದಿದ್ದರೆ ಮಂಪರು ಬರುತ್ತದೆ, ಮಂಪರಿನಲ್ಲಿ ನುಂಗುವುದು ಇನ್ನೂ ಕೆಡುತ್ತದೆ. ಗಟ್ಟಿ ಮಾಡಿದ ದ್ರವವನ್ನು ದಿನಕ್ಕೆ ಎಷ್ಟು ಕೊಟ್ಟಿರಿ ಎಂದು ಅಳೆದು ಬರೆದಿಡಿ, ಮೂತ್ರದ ಬಣ್ಣ ಗಮನಿಸಿ. ಬಾಯಿಯಿಂದ ಸಾಲುತ್ತಿಲ್ಲವೆಂದು ವೈದ್ಯರು ಮತ್ತೆ ನಳಿಕೆ ಹಾಕಬೇಕೆಂದರೆ ಅದನ್ನು ಸೋಲೆಂದು ತಿಳಿಯಬೇಡಿ. ಮೂಗಿನ ನಳಿಕೆ ನಾಲ್ಕು ವಾರಗಳಿಗಿಂತ ಹೆಚ್ಚು ಬೇಕಾಗುವಂತಿದ್ದರೆ ಹೊಟ್ಟೆಗೇ ನೇರವಾಗಿ ಇಡುವ ಪೆಗ್ ನಳಿಕೆಯ ಬಗ್ಗೆ ಕೇಳಿ.

ಅತ್ತೆಯವರಿಗೆ ನನ್ನ ಪರವಾಗಿ ಇಷ್ಟು ಹೇಳಿ. ಮಾವನವರನ್ನು ಮಂಚದ ಮೇಲೆ ಒರಗಿಸಿ ಉಣಿಸಬಾರದು, ಬೆನ್ನಿಗೆ ಗಟ್ಟಿ ಆಸರೆ ಕೊಟ್ಟು ನೆಟ್ಟಗೆ ಕೂರಿಸಬೇಕು, ಉಂಡ ಮೇಲೂ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ತುತ್ತನ್ನು ಎಡಗಡೆಗೆ ಇಡಬೇಕು, ಊಟ ಮುಗಿದ ಮೇಲೆ ಬಲಗೆನ್ನೆಯೊಳಗೆ ಬೆಳಕು ಹಾಕಿ ನೋಡಬೇಕು, ಲಕ್ವಾ ಹೊಡೆದ ಕೆನ್ನೆಯಲ್ಲಿ ಅನ್ನ ಕೂತಿದ್ದರೂ ಅವರಿಗೆ ತಿಳಿಯುವುದಿಲ್ಲ. ಒಂದು ತುತ್ತು ಇಳಿದು ಗಂಟಲಿನ ಉಬ್ಬು ಮೇಲೇರಿದ್ದು ಕಂಡ ಮೇಲೆಯೇ ಇನ್ನೊಂದು. ಮನೆಯ ಯಜಮಾನ ಉಣ್ಣಲೊಲ್ಲೆ ಎಂದು ಮುಖ ತಿರುಗಿಸಿದಾಗ ಒತ್ತಾಯಿಸದೆ ಸುಮ್ಮನಿರುವುದು ನಮ್ಮ ಭಾಗದ ಹೆಂಗಸರಿಗೆ ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ನನ್ನ ಅವ್ವನೂ ಹೀಗೆಯೇ. ಆದರೆ ಅವರು ಮುಖ ತಿರುಗಿಸುವುದು ದಣಿದ ಗಂಟಲಿಗೆ ಉಳಿದಿರುವ ಒಂದೇ ರಕ್ಷಣೆಯಾಗಿರಬಹುದು. ಕೊನೆಗೆ, ದಿನಕ್ಕೆರಡು ಬಾರಿ ಹಲ್ಲು, ನಾಲಿಗೆ, ಒಸಡು ಉಜ್ಜಿ. ಜೊಲ್ಲು ಶ್ವಾಸನಾಳಕ್ಕೆ ಇಳಿಯುವುದನ್ನು ಪೂರ್ತಿ ತಡೆಯಲಾಗದು, ಇಳಿಯುವ ಜೊಲ್ಲಿನಲ್ಲಿ ರೋಗಾಣು ಕಡಿಮೆ ಇರುವಂತೆ ನೋಡಿಕೊಳ್ಳಬಹುದು. ವಾಟ್ಸ್ಆ್ಯಪ್‌ನಲ್ಲಿ ಬರುವ ಗಂಟಲಿನ ವ್ಯಾಯಾಮಗಳನ್ನು ಮಾತ್ರ ಮಾಡಿಸಬೇಡಿ. ಗದ್ದ ಎದೆಗೊತ್ತಿ ನುಂಗುವುದು ಒಬ್ಬರ ಶ್ವಾಸನಾಳವನ್ನು ಕಾಯುತ್ತದೆ, ಇನ್ನೊಬ್ಬರಿಗೆ ಅದೇ ಕೆಡುಕಾಗುತ್ತದೆ.

ನಮ್ಮ ಮಗನಿಗೆ ಮೂರು ವರ್ಷ, ತೂಕ 8 ಕೆ.ಜಿ. ದಿನ ತುಂಬುವ ಮುಂಚೆ ಹುಟ್ಟಿದ, ತಡವಾಗಿ ಅತ್ತ. ಸೆರೆಬ್ರಲ್ ಪಾಲ್ಸಿ ಎಂದಿದ್ದಾರೆ. ಕುತ್ತಿಗೆ ನಿಲ್ಲುವುದಿಲ್ಲ. ಒಂದು ಹೊತ್ತಿನ ಊಟಕ್ಕೆ ಒಂದೂವರೆ ಗಂಟೆ ಬೇಕು. ನಮ್ಮ ತಾಯಿ ಅವನನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿ, ಗದ್ದ ಹಿಡಿದು ಗಂಜಿ ಹೊಯ್ಯುತ್ತಾರೆ. ಕಫ ಕರಗಲೆಂದು ಮೂಗಿಗೆ ಎಣ್ಣೆ ಬಿಡುತ್ತಾರೆ. ವರ್ಷದಲ್ಲಿ ಮೂರು ಸಲ ಆಸ್ಪತ್ರೆ ಸೇರಿದ್ದಾನೆ. ಅವನು ಹಠ ಮಾಡುತ್ತಾನೆಯೇ? (ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ಇಲ್ಲ, ಹಠವಲ್ಲ. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಕೂಸಿಗೆ ಗರ್ಭದ ಸುಮಾರು 34ನೆಯ ವಾರದ ಹೊತ್ತಿಗೆ ಬರುತ್ತದೆ. ಅದಕ್ಕೆ ಮುಂಚೆ ಹುಟ್ಟಿದ, ಮಿದುಳಿಗೆ ಪೆಟ್ಟಾದ ಮಗು ನಮಗೆ ಆಟವೆನಿಸುವ ಕೆಲಸವನ್ನು ಪ್ರತಿ ತುತ್ತಿಗೂ ಹೋರಾಡಿ ಮಾಡುತ್ತಿದೆ. ಮೂರು ವರ್ಷದ ಗಂಡುಮಗುವಿನ ತೂಕ ಸುಮಾರು 14 ಕೆ.ಜಿ. ಇರಬೇಕು. ಒಂದು ಊಟ 30 ನಿಮಿಷ ದಾಟುತ್ತದೆ ಎಂದರೇ ನಾವು ಎಚ್ಚರಗೊಳ್ಳುತ್ತೇವೆ. ಒಂದೂವರೆ ಗಂಟೆಯ ಊಟದಲ್ಲಿ ಮಗು ಪಡೆಯುವ ಶಕ್ತಿಗಿಂತ ಕಳೆದುಕೊಳ್ಳುವುದೇ ಹೆಚ್ಚಾಗಿರಬಹುದು.

ಎರಡು ಕೆಲಸ ಇಂದೇ ನಿಲ್ಲಬೇಕು. ಒಂದು, ಮೂಗಿಗೆ ಎಣ್ಣೆ. ನೀರು ಶ್ವಾಸನಾಳಕ್ಕೆ ಹೋದರೆ ಕೆಮ್ಮು ಬರುತ್ತದೆ, ಎಣ್ಣೆ ನುಣುಪಾದ್ದರಿಂದ ಕೆಮ್ಮೂ ಬರಿಸದೆ ಇಳಿದು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ, ಅದರಿಂದಾಗುವ ನಿಮೋನಿಯಾ ಬೇಗ ವಾಸಿಯಾಗುವುದಿಲ್ಲ. ಕೂಸುಗಳ ಬಾಯಿಗೆ ಒತ್ತಾಯದಿಂದ ಔಡಲೆಣ್ಣೆ ಹಾಕುವವರಿಗೂ ಇದೇ ಮಾತು. ಎರಡು, ಮಲಗಿಸಿ ಹೊಯ್ಯುವುದು. ತಲೆ ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ದಾರಿ ನೇರವಾಗಿ ತೆರೆದುಕೊಳ್ಳುತ್ತದೆ, ಗಂಜಿ ತನ್ನ ಭಾರಕ್ಕೇ ಒಳಗೆ ಇಳಿಯುತ್ತದೆ, ಮಗು ನುಂಗಲು ತಯಾರಾಗಿದೆಯೋ ಇಲ್ಲವೋ ಎಂಬುದನ್ನು ಅದು ಕೇಳುವುದಿಲ್ಲ.

ಅಜ್ಜಿಯವರ ಕೈಯಿಂದ ಈ ಕೆಲಸ ಕಿತ್ತುಕೊಳ್ಳಬೇಡಿ, ಕೂರಿಸುವ ರೀತಿಯನ್ನಷ್ಟೇ ಬದಲಿಸಿ. ಮನೆಯ ಗೋಡೆ ಎರಡು ಕೂಡುವ ಮೂಲೆಯಲ್ಲಿ ಒಂದು ಕೌದಿಯನ್ನು ಸುರುಳಿ ಸುತ್ತಿ ಅರ್ಧಚಂದ್ರದಂತೆ ಇಟ್ಟು, ಅದರೊಳಗೆ ಮಗುವನ್ನು ಕೂರಿಸಿ. ಸೊಂಟ ಮಡಿಚಿರಬೇಕು, ಎರಡೂ ತೋಳುಗಳು ಮುಂದಿರಬೇಕು, ಗದ್ದ ತುಸು ಕೆಳಗಿರಬೇಕು. ಉಣಿಸುವವರು ಮಗುವಿನ ಮುಖಕ್ಕಿಂತ ಕೆಳಗೆ ಕೂತರೆ ಮಗು ತಲೆ ಎತ್ತುವುದಿಲ್ಲ. ಆಳವಿಲ್ಲದ ಚಪ್ಪಟೆ ಚಮಚವನ್ನು ನೇರವಾಗಿ ತಂದು, ನಾಲಿಗೆಯ ನಡುವೆ ಮೆಲ್ಲಗೆ ಒತ್ತಿ, ಮೇಲ್ದುಟಿ ತಾನಾಗಿ ಕೆಳಗಿಳಿದು ಅನ್ನವನ್ನು ಎಳೆದುಕೊಳ್ಳುವವರೆಗೆ ಕಾಯಿರಿ. ಚಮಚವನ್ನು ಮೇಲಿನ ಹಲ್ಲಿಗೆ ಉಜ್ಜಿ ಖಾಲಿ ಮಾಡುವ ಅಭ್ಯಾಸ ನಮಗೆಲ್ಲ ಇದೆ, ಹಾಗೆ ಮಾಡಿದರೆ ತುಟಿ ಎಂದೂ ಕೆಲಸ ಕಲಿಯುವುದಿಲ್ಲ. ಮೊದಲ ದಿನ ಈ ಕಾಯುವಿಕೆ ಹತ್ತು ಸೆಕೆಂಡು ಹಿಡಿದೀತು, ಅಜ್ಜಿಗೆ ಅದು ಹತ್ತು ನಿಮಿಷವೆನಿಸೀತು.

ತೆಳು ಗಂಜಿಯ ಬದಲು ಬ್ಯಾಳಿ ಮತ್ತು ಅನ್ನವನ್ನು ನುಣ್ಣಗೆ ಹಿಸುಕಿ, ತುಪ್ಪ ಮತ್ತು ಹಿಟ್ಟಿನಂತೆ ಕುಟ್ಟಿ ಸೋಸಿದ ಶೇಂಗಾ ಬೆರೆಸಿ, ದಿನಕ್ಕೆ ಐದಾರು ಸಲ 20-25 ನಿಮಿಷ ಮೀರದಂತೆ ಕೊಡಿ. ಮಲಬದ್ಧತೆ, ಹುಳುಕು ಹಲ್ಲು, ಉಂಡದ್ದು ಹಿಂದಕ್ಕೆ ಬರುವುದು ಇವೂ ಮಗು ಬಾಯಿ ಮುಚ್ಚಿಕೊಳ್ಳಲು ಕಾರಣವಾಗುತ್ತವೆ ಎಂಬುದನ್ನು ಮಕ್ಕಳ ವೈದ್ಯರಿಗೆ ನೆನಪಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ನಿಮ್ಮ ಅಂಗನವಾಡಿಯಲ್ಲಿ ಹೇಳಿದರೆ ಆ ತಂಡದವರು ಮಕ್ಕಳ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಶುರು ಮಾಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಬರೆದುಕೊಡುತ್ತಾರೆ. ತೂಕ ಏರದೇ ಇದ್ದರೆ ಕೆಲಕಾಲ ಹೊಟ್ಟೆಯ ನಳಿಕೆ ಬೇಕಾಗಬಹುದು. ನಳಿಕೆ ಇದ್ದಾಗಲೂ ವೈದ್ಯರ ಒಪ್ಪಿಗೆಯಿಂದ ರುಚಿಗೆಂದು ಎರಡು ಚಮಚ ಬಾಯಿಗೆ ಕೊಡಬಹುದು.

ನಾನು ನಿವೃತ್ತ ಶಿಕ್ಷಕ, 61 ವರ್ಷ. ಮೂರು ತಿಂಗಳಿಂದ ರೊಟ್ಟಿ ಎದೆಯಲ್ಲಿ ನಿಂತಂತಾಗುತ್ತದೆ, ನೀರು ಕುಡಿದರೆ ಇಳಿಯುತ್ತದೆ. ಈಗ ಹದಿನೈದು ದಿನಗಳಿಂದ ಅನ್ನವೂ ನಿಲ್ಲುತ್ತಿದೆ. ಔಷಧ ಅಂಗಡಿಯವರು ಕೊಟ್ಟ ಗ್ಯಾಸಿನ ಮಾತ್ರೆ ನುಂಗುತ್ತಿದ್ದೇನೆ. ತಂಬಾಕು-ಸುಣ್ಣದ ಚಟ ಹಳೆಯದು. ಗಂಟಲಿಗೆ ಯಾವ ವ್ಯಾಯಾಮ ಮಾಡಬೇಕು? (ಭಾಲ್ಕಿ)

ಗುರುಗಳೇ, ವ್ಯಾಯಾಮ ಬೇಡ, ಎಂಡೋಸ್ಕೋಪಿ ಬೇಕು, ಅದೂ ಈ ವಾರವೇ. ಮೊದಲು ಗಟ್ಟಿ ಆಹಾರ, ಆಮೇಲೆ ಮೆತ್ತಗಿನದು, ಕೊನೆಗೆ ನೀರು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಡುತ್ತ ಬರುವುದು ಅನ್ನನಾಳದ ದಾರಿ ಕಿರಿದಾಗುತ್ತಿರುವುದರ ಲಕ್ಷಣ. ತಂಬಾಕಿನ ಚಟವಿರುವ, ನಿಮ್ಮ ವಯಸ್ಸಿನವರಲ್ಲಿ ಇಂಥ ಲಕ್ಷಣ ಕಂಡರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಯಾವ ವೈದ್ಯರೂ ಸುಮ್ಮನಿರಬಾರದು. ಹುಳಿತೇಗಿನಿಂದ ಆದ ಗಾಯ ಮಾಯ್ದು ಕಟ್ಟಿದ ಕಲೆಯಿಂದಲೂ ಹೀಗಾಗಬಹುದು, ಅದನ್ನು ಹಿಗ್ಗಿಸಿ ಸರಿಮಾಡುತ್ತಾರೆ. ಯಾವುದೆಂದು ಹೊರಗಿನಿಂದ ಹೇಳಲು ನನಗೂ ಆಗದು, ಔಷಧ ಅಂಗಡಿಯವರಿಗೂ ಆಗದು. ಬೀದರಿನ ಸರ್ಕಾರಿ ವೈದ್ಯಕೀಯ ಸಂಸ್ಥೆ ಬ್ರಿಮ್ಸ್‌ನಲ್ಲಿ ತೋರಿಸಿ. ಮುಂದಿನ ಚಿಕಿತ್ಸೆ ಬೇಕಾದರೆ ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ.

ಇದನ್ನು ಓದುವ ಇತರರಿಗೆ ಒಂದೆರಡು ಮಾತು. ನೀರು ಮತ್ತು ರೊಟ್ಟಿ ಎರಡೂ ಮೊದಲಿನಿಂದಲೇ ಒಟ್ಟಿಗೆ ನಿಲ್ಲುತ್ತಿದ್ದರೆ ಅನ್ನನಾಳದ ಕೆಳಗಿನ ಬಿಗಿ ಸಡಿಲವಾಗದ ಅಕಲೇಸಿಯಾ ಎಂಬ ತೊಂದರೆ ಇರಬಹುದು. ರಕ್ತಹೀನತೆ ಇರುವ ಹೆಂಗಸರಲ್ಲಿ, ಅದೂ ಕಬ್ಬಿಣದಂಶ ಬಹಳ ಕಡಿಮೆಯಾದವರಲ್ಲಿ, ಅನ್ನನಾಳದ ಮೇಲ್ತುದಿಯಲ್ಲಿ ತೆಳ್ಳನೆಯ ಪೊರೆ ಬೆಳೆದು ರೊಟ್ಟಿ ಗಂಟಲಲ್ಲೇ ಸಿಕ್ಕಿಕೊಳ್ಳುವುದುಂಟು. “ಚಿಂತೆ ಮಾಡಬ್ಯಾಡ, ಮನಸ್ಸಿಗೆ ಹಚ್ಚಿಕೊಂಡಿ” ಎಂದು ಅಂಥವರನ್ನು ವರ್ಷಗಟ್ಟಲೆ ಕೂರಿಸಿದ ಮನೆಗಳನ್ನು ನೋಡಿದ್ದೇನೆ. ಗುಟ್ಕಾ ಅಗಿಯುವ ಹುಡುಗರ ಬಾಯಿ ದಿನದಿಂದ ದಿನಕ್ಕೆ ಕಡಿಮೆ ತೆರೆಯುವುದು ಇನ್ನೊಂದು ಕಾಯಿಲೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗದಿದ್ದರೆ ದಂತವೈದ್ಯರನ್ನು ಕಾಣಬೇಕು.

ಐದು ವರ್ಷದ ನನ್ನ ಮಗಳು ಚುರುಮುರಿ, ಒಂದೇ ಕಂಪನಿಯ ಬಿಸ್ಕೀಟು, ಒಣ ಚಪಾತಿ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಸಾರು ತಾಗಿದ ಅನ್ನ ಕಂಡರೆ ವಾಂತಿ ಮಾಡುತ್ತಾಳೆ. ಹೊಡೆದೂ ನೋಡಿದೆವು. (ಕಲಬುರಗಿ ನಗರ)

ಹೊಡೆಯುವುದನ್ನು ಬಿಡಿ. ಅದರಿಂದ ತಟ್ಟೆಯ ಮೇಲಿನ ಭಯ ಇನ್ನೂ ಗಟ್ಟಿಯಾಗುತ್ತದೆ. ತಿಂಡಿಪೋತ, ತಿನಿಸುಗಳ್ಳಿ ಎಂದು ನಾವು ಬೈಯುವ ಎಷ್ಟೋ ಮಕ್ಕಳಿಗೆ ಒದ್ದೆ ಪದಾರ್ಥ ನಾಲಿಗೆಗೆ ತಾಗುವುದು ನಮಗೆ ಹುಳು ತಾಗಿದಷ್ಟೇ ಅಸಹ್ಯ. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು, ಇಲ್ಲದವರಲ್ಲೂ ಇರುತ್ತದೆ. ದೇಹ ದಪ್ಪವಾದೀತೆಂಬ ಚಿಂತೆಗೆ ಸಂಬಂಧವಿಲ್ಲದೆ, ತೂಕವನ್ನೋ ಪೋಷಣೆಯನ್ನೋ ಕುಂದಿಸುವಷ್ಟು ಆಹಾರ ಬಿಡುವುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಿಂದ ಪ್ರತ್ಯೇಕ ತೊಂದರೆಯೆಂದೇ ಗುರುತಿಸಿದೆ. ಹೆಸರು ಕರೆದರೆ ತಿರುಗುತ್ತಾಳೆಯೇ, ಮಾತು ವಯಸ್ಸಿಗೆ ತಕ್ಕಂತಿದೆಯೇ ಎಂದು ನೋಡಿಸಿ, ರಕ್ತಪರೀಕ್ಷೆ ಮಾಡಿಸಿ. ಮನೆಯಲ್ಲಿ, ಅವಳು ತಿನ್ನುವ ಚುರುಮುರಿಯ ಪಕ್ಕದಲ್ಲಿ ಹೊಸದೊಂದನ್ನು ಚಿಟಿಕೆಯಷ್ಟು ಇಡಿ, ತಿನ್ನು ಎನ್ನಬೇಡಿ. ಮುಟ್ಟುವುದು, ಮೂಸುವುದು, ತುಟಿಗೆ ತಾಗಿಸಿ ಬಿಸಾಡುವುದು ಒಂದೊಂದಕ್ಕೂ ವಾರಗಳು ಹಿಡಿಯಬಹುದು. ಒಣ ಚಪಾತಿಯಿಂದ ತುಪ್ಪ ಸವರಿದ ಚಪಾತಿಗೆ ಬಂದರೆ ಅದು ದೊಡ್ಡ ಹೆಜ್ಜೆ. ಚುರುಮುರಿಯಲ್ಲಿ ಇಡಿ ಶೇಂಗಾ, ಪುಠಾಣಿ ಬೆರೆಸಬೇಡಿ, ಐದು ವರ್ಷದೊಳಗಿನ ಮಕ್ಕಳ ಶ್ವಾಸನಾಳಕ್ಕೆ ಅವು ಬಿರಡೆಯಂತೆ ಕೂರುತ್ತವೆ. ಎಂದಾದರೂ ಸಿಕ್ಕಿಕೊಂಡು ಕೆಮ್ಮಲೂ ಅಳಲೂ ಆಗದಿದ್ದರೆ ಬಾಯಿಗೆ ಕುರುಡಾಗಿ ಬೆರಳು ಹಾಕಬೇಡಿ, ನೀರು ಕುಡಿಸಬೇಡಿ. ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ 5 ಸಲ ಜೋರಾಗಿ ಹೊಡೆದು, ಹೊರಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲ್ಗಡೆ 5 ಸಲ ಒಳಕ್ಕೂ ಮೇಲಕ್ಕೂ ಒತ್ತಿ, 108ಕ್ಕೆ ಕರೆ ಮಾಡಿಸಿ. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಒತ್ತಬೇಕು.

ಮಾತ್ರೆ ನುಂಗಲಾಗದ ನಮ್ಮ ಅಜ್ಜನಿಗೆ ಎಲ್ಲವನ್ನೂ ಕುಟ್ಟಿ ಪುಡಿ ಮಾಡಿ ಕೊಡುತ್ತೇವೆ. ತಪ್ಪೇ? (ಹುಮನಾಬಾದ್)

ಕೆಲವಕ್ಕೆ ತಪ್ಪು. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಎಂದಿರುವ ಮಾತ್ರೆಗಳು ದಿನವಿಡೀ ನಿಧಾನವಾಗಿ ಕರಗುವಂತೆ ತಯಾರಾದವು, ಕುಟ್ಟಿದರೆ ಇಡೀ ದಿನದ ಔಷಧ ಒಮ್ಮೆಲೇ ಮೈಗೇರುತ್ತದೆ. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆಗಳ ಹೊದಿಕೆ ಒಡೆದರೆ ಅವು ಹೊಟ್ಟೆಯ ಆಮ್ಲದಲ್ಲೇ ಹಾಳಾಗುತ್ತವೆ. ಚೀಟಿ ಹಿಡಿದುಕೊಂಡು ಹೋಗಿ ಪ್ರತಿಯೊಂದಕ್ಕೂ ವೈದ್ಯರನ್ನು ಕೇಳಿ. ಬಹಳಷ್ಟು ಔಷಧಗಳು ದ್ರವರೂಪದಲ್ಲೂ ಸಿಗುತ್ತವೆ. ಕುಟ್ಟಬಹುದಾದುದನ್ನು ಗಟ್ಟಿ ಮೊಸರಿನ ಒಂದು ಚಮಚದಲ್ಲಿಯೋ ಹಿಸುಕಿದ ಬಾಳೆಹಣ್ಣಿನಲ್ಲಿಯೋ ಕೊಡಿ, ಮೊಸರು ಅಥವಾ ಹಾಲಿನ ಜೊತೆ ಕೆಲಸ ಮಾಡದ ಔಷಧ ಯಾವುದೆಂಬುದನ್ನೂ ಅದೇ ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ. ಮಲಗುವ ಮುಂಚೆ ಒಂದೇ ಗುಟುಕು ನೀರಿನಲ್ಲಿ ಮಾತ್ರೆ ಹಾಕಿಕೊಂಡು ಅಡ್ಡಾಗುವ ಅಭ್ಯಾಸ ಅಜ್ಜನಿಗಿದ್ದರೆ ಬಿಡಿಸಿ, ಅನ್ನನಾಳದಲ್ಲೇ ನಿಂತ ಮಾತ್ರೆ ರಾತ್ರಿಯಿಡೀ ಅಲ್ಲಿಯೇ ಹುಣ್ಣು ಮಾಡುತ್ತದೆ.